ಅಮ್ಮನ ಮೂಲಕ ಕೇಳಿದರೆ ದೇವರು ಬೇಗ ಕೊಡುತ್ತಾರೆಯೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯವಳು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಾಗಿಲ್ಲ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ನಮ್ಮ ಅತ್ತೆ ಪ್ರತಿ ಸೆಪ್ಟೆಂಬರ್‌ನಲ್ಲಿ ಹರಿಹರದ ಆರೋಗ್ಯಮಾತೆಗೆ, ಅಂದರೆ ಯೇಸುಸ್ವಾಮಿಯ ತಾಯಿ ಮರಿಯಮ್ಮನಿಗೆ, ಹರಕೆ ಹೊತ್ತು ನನ್ನನ್ನೂ ಕರೆದುಕೊಂಡು ಹೋಗುತ್ತಾರೆ. ‘ಅಪ್ಪ ಸಿಟ್ಟಿನವರಾದರೆ ಅಮ್ಮನ ಕೈಲಿ ಹೇಳಿಸಬೇಕು, ದೇವರ ಹತ್ತಿರವೂ ಹಾಗೇ’ ಅನ್ನುತ್ತಾರೆ. ಪಕ್ಕದ ಮನೆಯ ಅಕ್ಕ ಬೇರೆ ಪ್ರಾರ್ಥನಾ ಕೂಟಕ್ಕೆ ಹೋಗುವವರು. ‘ಮಧ್ಯಸ್ಥರು ಯೇಸು ಒಬ್ಬರೇ ಅಂತ ಬೈಬಲಿನಲ್ಲಿದೆ, ಮರಿಯಮ್ಮನನ್ನು ಕೇಳೋದು ತಪ್ಪು’ ಅಂತ ಅವರ ವಾದ. ಈಚೆಗೆ ಸಿಸ್ಟರ್ ಒಬ್ಬರು, ‘ಮಕ್ಕಳಿಲ್ಲದಿದ್ದರೇನು, ನೀನು ಆಧ್ಯಾತ್ಮಿಕ ತಾಯಿ ಆಗಬಹುದು’ ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೂ ಮನೆಗೆ ಬಂದು ಅತ್ತುಬಿಟ್ಟೆ. ಅದು ಬರೀ ಸಮಾಧಾನದ ಮಾತಾ? ಹರಕೆ ಫಲಿಸಲಿಲ್ಲ ಅಂದರೆ ನನ್ನ ವಿಶ್ವಾಸ ಕಡಿಮೆ ಅಂತಲಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ. ಮಗು ಆಗದಿರುವುದಕ್ಕೂ ನಿಮ್ಮ ವಿಶ್ವಾಸಕ್ಕೂ ಸಂಬಂಧವೇ ಇಲ್ಲ. ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿಯೇ ಈ ಕಷ್ಟದ ಪಾತ್ರೆ ನನ್ನಿಂದ ದೂರವಾಗಲಿ ಅಂತ ಬೇಡಿಕೊಂಡರು. ಅದು ದೂರವಾಗಲಿಲ್ಲ. ಸಂತ ಪೌಲರು ತಮ್ಮನ್ನು ಚುಚ್ಚುತ್ತಿದ್ದ ಮುಳ್ಳನ್ನು ತೆಗೆಯಿರಿ ಅಂತ ಮೂರು ಸಲ ಕೇಳಿದರು. ಮುಳ್ಳು ಹಾಗೇ ಉಳಿಯಿತು. ಇವರಿಗೆ ವಿಶ್ವಾಸ ಸಾಲದಾಗಿತ್ತು ಅಂತ ಯಾರಾದರೂ ಹೇಳುತ್ತಾರಾ? ನಿಮಗೆ ಹಾಗೆ ಹೇಳುವ ಹಕ್ಕೂ ಯಾರಿಗೂ ಇಲ್ಲ. ಚರ್ಚಿನ ಬಾಗಿಲಲ್ಲಿ ನಿಲ್ಲಿಸಿಕೊಂಡು ‘ಇನ್ನೂ ಏನೂ ವಿಶೇಷ ಇಲ್ವಾ’ ಅಂತ ಕೇಳುವವರಿಗಂತೂ ಇಲ್ಲವೇ ಇಲ್ಲ.

ಇನ್ನು ನಿಮ್ಮ ಅತ್ತೆಯವರ ಮಾತು. ಸಿಟ್ಟಿನ ಅಪ್ಪ, ನಡುವೆ ಅಮ್ಮ. ನಮ್ಮ ಕಡೆ ಬೆಳೆದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಶಾಲೆಯ ಪ್ರವಾಸಕ್ಕೆ ದುಡ್ಡು ಬೇಕಾದಾಗ ಜಗಲಿಯಲ್ಲಿ ಕೂತ ಅಪ್ಪನನ್ನು ದಾಟಿಕೊಂಡು ಅಡುಗೆಮನೆಗೆ ಹೋದವರೇ ಜಾಸ್ತಿ. ಧರ್ಮೋಪದೇಶಕರಿಗೆ ಪಾಠ ಮಾಡುವಾಗಲೂ ಈ ಹೋಲಿಕೆ ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಆದರೂ ಇದನ್ನು ಬಿಟ್ಟುಬಿಡಬೇಕು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಮರಿಯಮ್ಮನನ್ನು ಹೊಗಳುವ ಭರದಲ್ಲಿ ಅದು ದೇವರನ್ನು ಕಲ್ಲುಮನಸ್ಸಿನವರನ್ನಾಗಿ ಮಾಡುತ್ತದೆ. ಹಾಳಾಗಿ ಹೋದ ಮಗ ಇನ್ನೂ ದೂರದಲ್ಲಿರುವಾಗಲೇ ಓಡಿಹೋಗಿ ತಬ್ಬಿಕೊಂಡ ತಂದೆಯ ಕತೆ ಹೇಳಿದವರು ಯೇಸುಸ್ವಾಮಿ. ಆ ತಂದೆಯ ಮನಸ್ಸು ಕರಗಿಸಲು ಯಾರ ಶಿಫಾರಸೂ ಬೇಕಾಗಲಿಲ್ಲ. ಮರಿಯಮ್ಮನನ್ನು ನಮಗೆ ತಾಯಿಯಾಗಿ ಕೊಟ್ಟವರೂ ಅದೇ ದೇವರೇ. ತಾವೇ ಕೊಟ್ಟ ತಾಯಿಗಿಂತ ಅವರ ಪ್ರೀತಿ ಕಡಿಮೆ ಇರಲು ಸಾಧ್ಯವೇ?

ಹಾಗಾದರೆ ಮರಿಯಮ್ಮನನ್ನು ಕೇಳುವುದು ಯಾಕೆ? ಇದಕ್ಕೆ ಯೊವಾನ್ನರ ಶುಭಸಂದೇಶದ ಎರಡನೇ ಅಧ್ಯಾಯ ತೆಗೆಯಿರಿ. ಕಾನಾ ಊರಿನ ಮದುವೆ. ನೀವು ಮಕ್ಕಳಿಗೆ ಎಷ್ಟೋ ಸಲ ಹೇಳಿರುತ್ತೀರಿ, ಆದರೂ ಇನ್ನೊಮ್ಮೆ ನಿಧಾನವಾಗಿ ಓದಿ. ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿದಿದೆ. ಮರಿಯಮ್ಮ ಅದನ್ನು ಗಮನಿಸುತ್ತಾರೆ. ಮದುಮಗನಾಗಲಿ, ಔತಣದ ಮೇಲ್ವಿಚಾರಕನಾಗಲಿ ಅವರ ಹತ್ತಿರ ಬಂದು ಬೇಡಿಕೊಂಡರು ಅಂತ ಎಲ್ಲೂ ಬರೆದಿಲ್ಲ. ಅವರಾಗೇ ಕಂಡರು, ಅವರಾಗೇ ಹೋದರು. ಮಗನಿಗೆ ಹೇಳಿದ್ದು ಒಂದೇ ಮಾತು, ‘ಅವರಲ್ಲಿ ದ್ರಾಕ್ಷಾರಸ ಮುಗಿದುಹೋಗಿದೆ.’ ಇಷ್ಟು ಕೊಡು, ಹೀಗೆ ಮಾಡು, ಈಗಲೇ ಆಗಬೇಕು ಅನ್ನುವ ಯಾವುದೂ ಅದರಲ್ಲಿಲ್ಲ. ಇದ್ದ ಸ್ಥಿತಿಯನ್ನು ಇದ್ದ ಹಾಗೆ ಮಗನ ಮುಂದೆ ಇಟ್ಟರು. ತನ್ನ ಗಳಿಗೆ ಇನ್ನೂ ಬಂದಿಲ್ಲ ಅಂದರು ಯೇಸುಸ್ವಾಮಿ. ಕೇಳಿದರೆ ಇಲ್ಲ ಅಂದ ಹಾಗೇ ಇದೆ. ಮರಿಯಮ್ಮ ವಾದಕ್ಕೆ ಇಳಿಯಲಿಲ್ಲ. ಸೇವಕರ ಕಡೆ ತಿರುಗಿ, ‘ಆತ ಹೇಳಿದಂತೆ ಮಾಡಿ’ ಅಂದರು. ಯೊವಾನ್ನರ ಶುಭಸಂದೇಶದಲ್ಲಿ ಅವರ ಮಾತು ಅಲ್ಲಿಗೆ ಮುಗಿಯಿತು. ಮುಂದೆ ಶಿಲುಬೆಯ ಬುಡದಲ್ಲಿ ನಿಂತಾಗಲೂ ಒಂದು ಮಾತಿಲ್ಲ.

ಆಮೇಲೆ ಆದದ್ದನ್ನೂ ನೋಡಿ. ಆರು ಕಲ್ಲಿನ ಬಾನೆಗಳು. ಒಂದೊಂದರಲ್ಲಿ ಈಗಿನ ಲೆಕ್ಕಕ್ಕೆ ಸುಮಾರು 80ರಿಂದ 120 ಲೀಟರ್ ಹಿಡಿಯುತ್ತಿತ್ತು. ಎಲ್ಲ ಸೇರಿದರೆ ಹತ್ತಿರ ಹತ್ತಿರ 500ರಿಂದ 700 ಲೀಟರ್. ಸೇವಕರು ಅಷ್ಟೂ ನೀರನ್ನು ಕಂಠದ ತನಕ ತುಂಬಿದರು. ನೀರು ದ್ರಾಕ್ಷಾರಸವಾಯಿತು. ಅದು ಎಲ್ಲಿಂದ ಬಂತು ಅಂತ ಮೇಲ್ವಿಚಾರಕನಿಗೂ ತಿಳಿಯಲಿಲ್ಲ. ಅವನು ಮದುಮಗನನ್ನು ಕರೆದು ಹೊಗಳಿದ. ಮರಿಯಮ್ಮನ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಕಥೋಲಿಕ ಭಕ್ತಿಯಲ್ಲಿ ತಾಯಿಯ ಮಧ್ಯಸ್ಥಿಕೆ ಅಂದರೆ ಇದೇ. ಇನ್ನೊಬ್ಬರ ಕೊರತೆಯನ್ನು ಅವರು ಹೇಳುವ ಮೊದಲೇ ಕಾಣುವುದು. ಅದನ್ನು ಯೇಸುಸ್ವಾಮಿಯ ಮುಂದೆ ಇಡುವುದು. ಆಮೇಲೆ ಜನರನ್ನು ಅವರ ಕಡೆಗೇ ಕಳಿಸುವುದು. ದೇವರ ಮನಸ್ಸು ಬದಲಿಸುವ ಕೆಲಸ ಇದರಲ್ಲಿ ಎಲ್ಲೂ ಇಲ್ಲ.

ಪಕ್ಕದ ಮನೆಯ ಅಕ್ಕ ಹೇಳುವ ವಾಕ್ಯ ನಿಜವಾಗಿ ಇದೆ. ತಿಮೊಥೇಯನಿಗೆ ಬರೆದ ಮೊದಲ ಪತ್ರ, ಎರಡನೇ ಅಧ್ಯಾಯ, ಐದನೇ ವಾಕ್ಯ. ದೇವರಿಗೂ ಮನುಷ್ಯರಿಗೂ ಮಧ್ಯಸ್ಥರು ಒಬ್ಬರೇ, ಅವರು ಯೇಸುಕ್ರಿಸ್ತರು. ಕಥೋಲಿಕರಿಗೂ ಇದು ಸತ್ಯವೇ. ಇದರಲ್ಲಿ ರಾಜಿ ಇಲ್ಲ. ಆದರೆ ಅದೇ ಅಧ್ಯಾಯದ ಮೊದಲ ವಾಕ್ಯ ಏನು ಹೇಳುತ್ತದೆ? ಎಲ್ಲರಿಗಾಗಿ ಬಿನ್ನಹ, ಪ್ರಾರ್ಥನೆ, ವಿಜ್ಞಾಪನೆ ಮಾಡಿ ಅಂತ. ನಾಲ್ಕು ವಾಕ್ಯದ ಅಂತರದಲ್ಲಿ ಪೌಲರು ಎರಡನ್ನೂ ಹೇಳುತ್ತಾರೆ. ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದು ಕ್ರಿಸ್ತರ ಜಾಗವನ್ನು ಕಿತ್ತುಕೊಂಡಂತೆ ಅಂತ ಅವರಿಗೆ ಅನಿಸಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ನಮ್ಮ ಪ್ರಾರ್ಥನೆಗೆ ಬೆಲೆ ಬರುವುದೇ ಕ್ರಿಸ್ತರಿಂದ. ನಿಜವಾದ ಭಿನ್ನಾಭಿಪ್ರಾಯ ಇರುವುದು ಇನ್ನೊಂದು ಕಡೆ. ಸತ್ತು ದೇವರ ಸನ್ನಿಧಿಗೆ ಹೋದವರೂ ನಮಗಾಗಿ ಪ್ರಾರ್ಥಿಸುತ್ತಾರೆ, ಅವರನ್ನು ನಾವು ಕೇಳಿಕೊಳ್ಳಬಹುದು ಅಂತ ನಾವು ನಂಬುತ್ತೇವೆ. ಅಕ್ಕನವರ ಸಭೆ ನಂಬುವುದಿಲ್ಲ. ಅವರ ಜೊತೆ ಮಾತಾಡುವಾಗ ಇದನ್ನು ನೇರವಾಗಿ ಒಪ್ಪಿಕೊಂಡರೆ ಜಗಳ ಕಡಿಮೆ.

ನಾವು ಮರಿಯಮ್ಮನಿಗೆ ಪೂಜೆ ಮಾಡುತ್ತೇವೆ ಅನ್ನುವ ಆರೋಪಕ್ಕೆ ನಮ್ಮ ಪ್ರಾರ್ಥನೆಗಳಲ್ಲೇ ಉತ್ತರ ಇದೆ. ಮಣಿ ಎಣಿಸಿ ಹೇಳುವ ಜಪಸರ ಮುಗಿದ ಮೇಲೆ ಮನವಿಮಾಲೆ, ಅಂದರೆ ಒಂದೊಂದು ಹೆಸರಿಗೂ ಜನ ಉತ್ತರ ಕೊಡುವ ಪ್ರಾರ್ಥನೆ, ಹೇಳುವಾಗ ಗಮನಿಸಿ. ತಂದೆಗೆ, ಸುತನಿಗೆ, ಪವಿತ್ರಾತ್ಮರಿಗೆ ಹೇಳುವಾಗ ಜನ ಕೊಡುವ ಉತ್ತರ ‘ನಮ್ಮ ಮೇಲೆ ದಯೆಯಿಡಿ’ ಅಂತ. ಮರಿಯಮ್ಮನ ಹೆಸರು ಶುರುವಾದ ಕೂಡಲೇ ಉತ್ತರ ಬದಲಾಗುತ್ತದೆ, ‘ನಮಗಾಗಿ ಪ್ರಾರ್ಥಿಸಿರಿ.’ ಮೊಣಕಾಲೂರಿ ಕೂತ ಅಜ್ಜಿಗೂ ಇದು ಬಾಯಿಪಾಠ. ದಯೆ ಕೊಡುವವರು ಯಾರು, ಪ್ರಾರ್ಥಿಸುವವರು ಯಾರು ಅನ್ನುವ ಗೊಂದಲ ಆ ಅಜ್ಜಿಗಿಲ್ಲ. ‘ನಮೋ ಮರಿಯ’ ಪ್ರಾರ್ಥನೆಯೂ ಹೀಗೇ. ಅದರ ಮೊದಲ ಭಾಗ ಲೂಕರ ಶುಭಸಂದೇಶದಿಂದ ಬಂದದ್ದು, ದೇವದೂತ ಮತ್ತು ಎಲಿಜಬೇತಮ್ಮ ಹೇಳಿದ ಮಾತುಗಳು. ಎರಡನೇ ಭಾಗ ಈಗಿನ ರೂಪದಲ್ಲಿ ನೆಲೆಯಾದದ್ದು 1568ರಲ್ಲಿ, ಐದನೇ ಪಿಯುಸ್ ಪೋಪರು ಹೊರತಂದ ಪ್ರಾರ್ಥನಾ ಪುಸ್ತಕದಿಂದ. ಆ ಭಾಗದಲ್ಲಿ ನಾವು ಕೇಳುವುದು ಏನು? ಮಗು, ಮನೆ, ಕೆಲಸ ಯಾವುದೂ ಇಲ್ಲ. ಈಗಲೂ ನಮ್ಮ ಮರಣದ ಸಮಯದಲ್ಲಿಯೂ ನಮಗಾಗಿ ಪ್ರಾರ್ಥಿಸಿರಿ ಅಂತ ಅಷ್ಟೇ. ಐದು ರಹಸ್ಯಗಳ (ಒಂದೊಂದರಲ್ಲೂ ಹತ್ತು ‘ನಮೋ ಮರಿಯ’) ಒಂದು ಜಪಸರದಲ್ಲಿ ಇದನ್ನೇ 50ಕ್ಕೂ ಜಾಸ್ತಿ ಸಲ ಕೇಳುತ್ತೇವೆ.

ಧರ್ಮಸಭೆ, ಅಂದರೆ ಇಡೀ ಕಥೋಲಿಕ ಸಭೆ, ಈ ವಿಷಯದಲ್ಲಿ ತುಂಬಾ ಅಳೆದು ತೂಗಿ ಮಾತಾಡುತ್ತದೆ. ಲೋಕದ ಕಥೋಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಮರಿಯಮ್ಮನ ಬಗ್ಗೆ ಬೇರೆಯೇ ಒಂದು ದಾಖಲೆ ಬೇಕೋ, ಅಥವಾ ಧರ್ಮಸಭೆಯ ಕುರಿತ ದಾಖಲೆಯೊಳಗೇ ಅವರ ಬಗ್ಗೆ ಹೇಳಬೇಕೋ ಅಂತ ದೊಡ್ಡ ಚರ್ಚೆ ಆಯಿತು. 1963ರ ಅಕ್ಟೋಬರ್ 29ರಂದು ಮತ ಹಾಕಿದರು. ಒಳಗೇ ಇರಲಿ ಅಂದವರು 1,114 ಜನ, ಬೇಡ ಅಂದವರು 1,074 ಜನ. ಬರೀ 40 ಮತದ ವ್ಯತ್ಯಾಸ. ಹಾಗಾಗಿ ಮರಿಯಮ್ಮ ಆ ದಾಖಲೆಯ ಎಂಟನೇ ಅಧ್ಯಾಯವಾಗಿ, ವಿಶ್ವಾಸಿಗಳ ಕುಟುಂಬದ ಒಳಗೇ ನಿಂತರು. ಅವರ ತಾಯ್ತನ ಕ್ರಿಸ್ತರ ಮಧ್ಯಸ್ಥಿಕೆಯನ್ನು ಮಸುಕು ಮಾಡುವುದಿಲ್ಲ, ಅದರ ಶಕ್ತಿಯನ್ನು ತೋರಿಸುತ್ತದೆ ಅನ್ನುವುದು ಆ ಅಧ್ಯಾಯದ ತಿರುಳು. ಅದು ಹೊರಬಂದ ದಿನ, 1964ರ ನವೆಂಬರ್ 21ರಂದು, ಆರನೇ ಪೌಲ್ ಪೋಪರು ಅವರನ್ನು ಧರ್ಮಸಭೆಯ ತಾಯಿ ಅಂತ ಘೋಷಿಸಿದರು. ತೀರಾ ಈಚೆಗೆ, 2025ರ ನವೆಂಬರ್‌ನಲ್ಲಿ, ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ವಿಭಾಗ ಒಂದು ಟಿಪ್ಪಣಿ ಹೊರಡಿಸಿತು. ಹದಿನಾಲ್ಕನೇ ಲಿಯೋ ಪೋಪರು ಒಪ್ಪಿಗೆ ಕೊಟ್ಟದ್ದು. ಮರಿಯಮ್ಮನನ್ನು ‘ಸಹ ರಕ್ಷಕಿ’ ಅಂತ ಕರೆಯುವುದು ಸೂಕ್ತವಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ವಿಶ್ವಾಸಿಗಳ ತಾಯಿ ಅನ್ನುವ ಹೆಸರನ್ನೇ ಅದು ಎತ್ತಿಹಿಡಿಯುತ್ತದೆ. ನನಗೆ ಆ ಟಿಪ್ಪಣಿ ಓದಿ ಸಂತೋಷವಾಯಿತು. ಮರಿಯಮ್ಮನಿಗೆ ದೊಡ್ಡ ದೊಡ್ಡ ಬಿರುದು ಬೇಕಿಲ್ಲ. ತಾಯಿ ಅಂದರೆ ಸಾಕು.

ಈಗ ಹರಿಹರ. ಅದು ದಾವಣಗೆರೆ ಜಿಲ್ಲೆಯಲ್ಲಿದ್ದರೂ ನಮ್ಮ ಶಿವಮೊಗ್ಗ ಬಿಷಪರ ಧರ್ಮಕ್ಷೇತ್ರಕ್ಕೇ ಸೇರಿದ್ದು. ನಿಮ್ಮೂರಿನ ಪಕ್ಕ ಹರಿಯುವ ತುಂಗೆ ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ ಅಲ್ಲಿಗೇ ಹೋಗುತ್ತದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕೊಂಕಣಿ, ತಮಿಳು, ಕನ್ನಡ ಮಾತಾಡುವ ಕ್ರೈಸ್ತರು ಮಾತ್ರವಲ್ಲ, ಬೇರೆ ಧರ್ಮದವರೂ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಆ ಭಕ್ತಿಯನ್ನು ಅರ್ಧಂಬರ್ಧ ಓದಿದವರು ಮೂಢನಂಬಿಕೆ ಅಂತ ತಳ್ಳಿಹಾಕಿದರೆ ನನಗೆ ನೋವಾಗುತ್ತದೆ. ಅಲ್ಲಿಗೆ ಬರುವವರು ತಮ್ಮ ಕೊರತೆಯನ್ನು ಮುಚ್ಚಿಡುವುದಿಲ್ಲ. ‘ದ್ರಾಕ್ಷಾರಸ ಮುಗಿದಿದೆ’ ಅಂತ ಮರಿಯಮ್ಮ ಹೇಳಿದ ಹಾಗೆ ಇವರೂ ಹೇಳುತ್ತಾರೆ.

ಆದರೆ ಹರಕೆ ವ್ಯಾಪಾರ ಆಗಬಾರದು. ನೀನು ಮಗು ಕೊಡು, ನಾನು ಇಷ್ಟು ಕೊಡುತ್ತೇನೆ ಅಂತ ಹೊತ್ತರೆ ಅದು ಫಲಿಸದ ದಿನ ಎರಡೇ ದಾರಿ ಉಳಿಯುತ್ತದೆ: ದೇವರ ಮೇಲೆ ಸಿಟ್ಟು, ಇಲ್ಲಾ ತನ್ನ ಮೇಲೆ ಸಿಟ್ಟು. ನೀವು ಎರಡನೆಯದನ್ನು ಹಿಡಿದಿದ್ದೀರಿ ಅಂತ ಕಾಣುತ್ತದೆ. ಬೈಬಲಿನಲ್ಲಿ ಒಂದು ಪ್ರಸಂಗ ಇದೆ. ರಾಜ ಸೊಲೊಮೋನ ತನ್ನ ತಾಯಿ ಬತ್ಷೆಬೆ ಬಂದಾಗ ಎದ್ದು ನಮಸ್ಕರಿಸಿ ತನ್ನ ಬಲಗಡೆ ಆಸನ ಹಾಕಿಸುತ್ತಾನೆ. ಮರಿಯಮ್ಮನ ಮಧ್ಯಸ್ಥಿಕೆಗೆ ಇದನ್ನು ಉದಾಹರಣೆ ಕೊಡುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಂದೆ ಓದಿದರೆ, ತಾಯಿ ಸೊಲೊಮೋನನ ಅಣ್ಣ ಅದೋನೀಯನ ಪರವಾಗಿ ತಂದ ಬೇಡಿಕೆಯನ್ನು ಸೊಲೊಮೋನ ಒಪ್ಪಲಿಲ್ಲ. ತಾಯಿಗೆ ಗೌರವ ಪೂರ್ತಿ ಇತ್ತು, ಆದರೆ ಕೇಳಿದ್ದು ಸಿಗಲಿಲ್ಲ. ಹರಕೆ ಹೊರುವ ಪ್ರತಿಯೊಬ್ಬರಿಗೂ ಈ ಕತೆಯನ್ನು ಪೂರ್ತಿ ಹೇಳಬೇಕು ಅಂತ ನನಗೆ ಅನಿಸುತ್ತದೆ. ಅತ್ತೆಯ ಜೊತೆ ಹರಿಹರಕ್ಕೆ ಹೋಗಿ, ಮನಸ್ಸಿದ್ದರೆ. ಒಂದು ವರ್ಷ ಮನಸ್ಸಿಲ್ಲದಿದ್ದರೆ ಮನೆಯಲ್ಲೇ ಇರಿ. ಅದು ಪಾಪವಲ್ಲ. ಡಾಕ್ಟರ ಹತ್ತಿರ ಗಂಡ ಹೆಂಡತಿ ಇಬ್ಬರೂ ಹೋಗುವುದೂ ವಿಶ್ವಾಸದ ಕೊರತೆಯಲ್ಲ. ಯಾವ ಚಿಕಿತ್ಸೆಯನ್ನು ಧರ್ಮಸಭೆ ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ ಅನ್ನುವುದನ್ನು ನಿಮ್ಮ ಫಾದರ್ ಜೊತೆ ಕೂತು ಮಾತಾಡಿ.

ಇನ್ನು ನಿಮ್ಮನ್ನು ಅಳಿಸಿದ ಮಾತು. ಸಿಸ್ಟರ್ ಹೇಳಿದ್ದು ನಿಜ, ಆದರೆ ಹೇಳಿದ ಹೊತ್ತು ಸರಿ ಇರಲಿಲ್ಲ. ಭೂಮಿ ಹುಣ್ಣಿಮೆಗೆ ಬಸುರಿ ಭೂಮಿತಾಯಿಗೆ ಬಯಕೆ ಬಡಿಸುವ ಸೀಮೆ ನಮ್ಮದು. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತುಕೊಂಡು ಹೋಗಿ ಗದ್ದೆಗೆ ಚರಗ ಬೀರುತ್ತಾರೆ. ಇಲ್ಲಿ ಮಣ್ಣಿಗೂ ತಾಯ್ತನದ ಮರ್ಯಾದೆ ಇದೆ. ಇಂಥ ಕಡೆ ಮಡಿಲು ತುಂಬದ ಹೆಂಗಸು ಸೀಮಂತದ ಮನೆಯಲ್ಲಿ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಹಿಂದೆ ಸರಿಯುತ್ತಾಳೆ. ಆ ನೋವಿಗೆ ಯಾವ ಬದಲಿಯೂ ಇಲ್ಲ. ಬೈಬಲಿನಲ್ಲಿ ಮಕ್ಕಳಿಲ್ಲದ ಹನ್ನಳಿಗೆ ಅವಳ ಗಂಡ ಏನು ಹೇಳಿದ, ನೆನಪಿದೆಯಾ? ಹತ್ತು ಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಅಂದ. ಪ್ರೀತಿಯಿಂದಲೇ ಅಂದ. ಹನ್ನಳ ದುಃಖ ಅದರಿಂದ ಕಡಿಮೆಯಾಗಲಿಲ್ಲ. ಅವಳು ದೇವಾಲಯಕ್ಕೆ ಹೋಗಿ ಅತ್ತಳು. ಆ ಅಳುವನ್ನು ಬೈಬಲು ಎಲ್ಲೂ ತಪ್ಪು ಅನ್ನುವುದಿಲ್ಲ. ಹನ್ನಳಿಗೆ ಮುಂದೆ ಮಗು ಆಯಿತು. ಅದನ್ನು ಮುಂದಿಟ್ಟು ನಿಮಗೂ ಆಗುತ್ತದೆ ಅಂತ ನಾನು ಹೇಳಲಾರೆ. ಅಳುವುದಕ್ಕೆ ನಿಮಗೆ ಹಕ್ಕಿದೆ ಅಂತ ಮಾತ್ರ ಹೇಳಬಲ್ಲೆ.

ಆಧ್ಯಾತ್ಮಿಕ ತಾಯ್ತನ ಮಕ್ಕಳಿಲ್ಲದವರಿಗೆ ಕೊಡುವ ಸಮಾಧಾನದ ಬಹುಮಾನ ಆಗಿದ್ದರೆ ನಾನೂ ಅದನ್ನು ಬೇಡ ಅನ್ನುತ್ತಿದ್ದೆ. ಹಾಗಲ್ಲ. ಅದು ಮಕ್ಕಳಿರುವವರಿಗೂ ಬೇಕು. ಸಂತ ಮೋನಿಕಮ್ಮ, ಮುಂದೆ ಸಂತನಾದ ಅಗಸ್ಟೀನನನ್ನು ಹೆತ್ತದ್ದು ಒಮ್ಮೆ. ಆದರೆ ದಾರಿ ಬಿಟ್ಟ ಆ ಮಗನಿಗಾಗಿ ಅವರು ವರ್ಷಗಟ್ಟಲೆ ಕಣ್ಣೀರಿಟ್ಟರು. ದೇಹದಲ್ಲಿ ಹೆತ್ತಾಗಿನ ನೋವಿಗಿಂತ ಆತ್ಮದಲ್ಲಿ ತನ್ನನ್ನು ಹೆರಲು ತಾಯಿ ಪಟ್ಟ ನೋವು ದೊಡ್ಡದು ಅಂತ ಅಗಸ್ಟೀನರೇ ಬರೆದಿದ್ದಾರೆ. 387ರ ಈಸ್ಟರ್ ಹೊತ್ತಿಗೆ ಅವರು ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಮೋನಿಕಮ್ಮ ತೀರಿಕೊಂಡರು. ಪೌಲರನ್ನೂ ನೋಡಿ. ಗಂಡಸು, ಮದುವೆ ಇಲ್ಲ, ಮಕ್ಕಳಿಲ್ಲ. ಗಲಾತ್ಯದವರಿಗೆ ಬರೆಯುವಾಗ, ನನ್ನ ಮಕ್ಕಳೇ, ಕ್ರಿಸ್ತರು ನಿಮ್ಮಲ್ಲಿ ರೂಪುಗೊಳ್ಳುವ ತನಕ ನಿಮಗಾಗಿ ಮತ್ತೆ ಹೆರಿಗೆ ನೋವು ಅನುಭವಿಸುತ್ತಿದ್ದೇನೆ ಅನ್ನುತ್ತಾರೆ. ಸಭೆಯ ಮೊದಲ ಪೀಳಿಗೆಯಿಂದಲೇ ಈ ತಾಯ್ತನ ಇದೆ.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಟ್ಟುವುದು ಲಿಸಿಯೂ ಊರಿನ ಸಂತ ತೆರೇಸಾ. 1887ರಲ್ಲಿ ಪ್ಯಾರಿಸ್‌ನಲ್ಲಿ ಪ್ರಾಂಜಿನಿ ಅನ್ನುವವನು ಇಬ್ಬರು ಹೆಂಗಸರನ್ನೂ ಒಬ್ಬ ಹುಡುಗಿಯನ್ನೂ ಕೊಂದ. ಮರಣದಂಡನೆಯ ತೀರ್ಪಾಯಿತು. ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. ಆಗ ತೆರೇಸಾಗೆ 14 ವರ್ಷ. ಹೆತ್ತ ತಾಯಿಯನ್ನು ನಾಲ್ಕರ ವಯಸ್ಸಿಗೇ ಕಳೆದುಕೊಂಡ ಹುಡುಗಿ. ಅವಳು ಆ ಕೊಲೆಗಾರನನ್ನು ತನ್ನವನು ಅಂತ ಹಚ್ಚಿಕೊಂಡು ಪ್ರಾರ್ಥಿಸಿದಳು, ಅವನಿಗಾಗಿ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮಾಡಿಸಿದಳು. ಆಗಸ್ಟ್ 31ರಂದು ತಲೆ ಕೊಡುವ ಮುಂಚೆ ಅವನು ಶಿಲುಬೆಗೆ ಮುತ್ತಿಟ್ಟ ಅಂತ ಪತ್ರಿಕೆಯಲ್ಲಿ ಓದಿದಳು. ಆಮೇಲೆ ಅವನನ್ನು ಅವಳು ಕರೆದದ್ದು ‘ನನ್ನ ಮೊದಲ ಮಗು’ ಅಂತ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ.

ಕಾನಾದಲ್ಲಿ ಮರಿಯಮ್ಮ ಮಾಡಿದ್ದಕ್ಕೂ ತೆರೇಸಾ ಮಾಡಿದ್ದಕ್ಕೂ ಏನಾದರೂ ವ್ಯತ್ಯಾಸ ಕಾಣುತ್ತದೆಯಾ? ನನಗೆ ಕಾಣುವುದಿಲ್ಲ. ಶಿಲುಬೆಯ ಬುಡದಲ್ಲಿ ಯೇಸುಸ್ವಾಮಿ ತಾಯಿಗೆ ತಮ್ಮ ಶಿಷ್ಯನನ್ನು ತೋರಿಸಿ, ಇಗೋ ನಿನ್ನ ಮಗ ಅಂದರು. ಆ ಶಿಷ್ಯ ಮರಿಯಮ್ಮನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಅವನ ಜಾಗದಲ್ಲಿ ನಾವೆಲ್ಲ ಇದ್ದೇವೆ ಅಂತ ಧರ್ಮಸಭೆ ಓದಿಕೊಂಡು ಬಂದಿದೆ. ಅಂದರೆ ಮರಿಯಮ್ಮನಿಗೇ ನಾವು ಮಕ್ಕಳಾದದ್ದು ಹೆರಿಗೆಯಿಂದಲ್ಲ, ಯೇಸುಸ್ವಾಮಿ ವಹಿಸಿಕೊಟ್ಟದ್ದರಿಂದ.

ನೀವು ಇದನ್ನು ಈಗಾಗಲೇ ಮಾಡುತ್ತಿದ್ದೀರಿ. ಭಾನುವಾರದ ತರಗತಿಯಲ್ಲಿ ಯಾವ ಹುಡುಗ ಮೂರು ವಾರದಿಂದ ಮಂಕಾಗಿದ್ದಾನೆ, ಯಾವ ಹುಡುಗಿ ತಿಂಡಿ ತಿನ್ನದೆ ಬರುತ್ತಾಳೆ ಅಂತ ನಿಮಗೆ ಗೊತ್ತಿರುತ್ತದೆ, ಅಲ್ವಾ? ಅವರ ಅಮ್ಮಂದಿರಿಗಿಂತ ಮೊದಲು ನಿಮಗೆ ಕಂಡಿರಲೂಬಹುದು. ಅವರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ದಿನಾ ಜಪಸರದ ಒಂದು ರಹಸ್ಯ ಆ ಮಗುವಿನ ಹೆಸರಿಗೆ ಇರಲಿ. ಯಾರಿಗೂ ಹೇಳಬೇಡಿ, ಆ ಮಗುವಿಗೂ ಹೇಳಬೇಡಿ. ಮಾಡಬೇಕಾದ ಕೆಲಸ ಕಂಡರೆ ಮಾಡಿ: ತಿಂಡಿ ಕೊಡುವುದಿರಬಹುದು, ಅವರ ಮನೆಗೊಂದು ಸಲ ಹೋಗಿ ಬರುವುದಿರಬಹುದು. ಮಗು ನಿಮ್ಮನ್ನು ಹಚ್ಚಿಕೊಳ್ಳದೆ ಮುಂದೆ ಹೋಗಿಬಿಟ್ಟರೆ ಬೇಸರವಾಗುತ್ತದೆ. ಆದರೂ ಹೋಗಲು ಬಿಡಿ. ಇದರ ಜೊತೆಗೆ ಸ್ವಂತ ಮಗುವಿನ ಆಸೆಯನ್ನು ಬಿಟ್ಟುಕೊಡಬೇಕು ಅಂತಿಲ್ಲ. ಆ ಪ್ರಾರ್ಥನೆಯೂ ನಡೆಯಲಿ.

ಪಕ್ಕದ ಮನೆಯ ಅಕ್ಕನ ಜೊತೆ ವಾದ ಮುಂದುವರಿಸಬೇಡಿ. ಒಂದು ಸಂಜೆ ಇಬ್ಬರೂ ಕೂತು ಕಾನಾದ ಆ ಹನ್ನೊಂದು ವಾಕ್ಯ ಓದಿ. ಅದು ಅವರ ಬೈಬಲಿನಲ್ಲೂ ಇದೆ. ಓದಿ ಮುಗಿದ ಮೇಲೆ, ‘ಅಕ್ಕ, ನನಗಾಗಿ ನೀವೂ ಪ್ರಾರ್ಥನೆ ಮಾಡಿ’ ಅಂತ ಕೇಳಿ. ಅವರು ಖಂಡಿತ ಮಾಡುತ್ತಾರೆ.